ನೋಡಿದ್ದು, ತಿಂದದ್ದಲ್ಲ

ಐದು ವಾರ ತಪ್ಪದೆ ನಡೆದು, ಐದು ವಾರ ತುತ್ತು ಎಣಿಸಿ ಉಂಡು, ಕಾರ್ಖಾನೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ದೊಡ್ಡಕ್ಕ ಇಳಿಸಿದ್ದು ನಾನೂರು ಗ್ರಾಂ. ಇಳಿಸಬೇಕಾಗಿದ್ದುದು ಆರು ಕಿಲೋ.

ಚಂದ ಕಾಣುವ ಆಸೆಗೆ ಹಿಡಿದ ಹಟವಲ್ಲ ಇದು. ತಂಗಿಯ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಅವಳು ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗುತ್ತಿದ್ದಳು. ತನ್ನದೊಂದನ್ನು ಕೊಡಲು ದೊಡ್ಡಕ್ಕ ಸಿದ್ಧಳಿದ್ದಳು, ರಕ್ತವೂ ಹೊಂದಿತ್ತು. ಹೊಂದದೆ ಉಳಿದದ್ದು ಅವಳ ತೂಕ ಒಂದೇ. “ಆರು ಕಿಲೋ ಇಳಿಸ್ಕೊಂಡು ಬನ್ನಿ. ಈ ತೂಕದಲ್ಲಿ ನಾನು ಕತ್ತಿ ಮುಟ್ಟಲ್ಲ,” ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು.

ಆಸ್ಪತ್ರೆಯ ಆಹಾರ ಸಲಹೆಗಾರ್ತಿ ದೊಡ್ಡಕ್ಕನ ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದಳು. ಬೆಳಿಗ್ಗೆ ಒಂದು ಮೊಟ್ಟೆ, ಒಂದು ಹಣ್ಣು. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಬೇಳೆ, ತರಕಾರಿ. ರಾತ್ರಿ ಅದರ ಅರ್ಧ.

“ಇಷ್ಟೇನಾ?”

“ಇಷ್ಟೇ.”

“ನಡಿಗೆ?”

“ದಿನಾ ಐವತ್ತು ನಿಮಿಷ. ನಂಬಿಕೆ ಇಲ್ದಿದ್ರೆ ಚಪ್ಪಲಿ ತಿರುಗಿಸಿ ನೋಡಿ.”

“ಬರೆದಿರೋದಷ್ಟೇ ತಿಂದಿದ್ರೆ ಇಷ್ಟೊತ್ತಿಗೆ ಎರಡು ಮೂರು ಕಿಲೋ ಆದ್ರೂ ಇಳೀಬೇಕಿತ್ತಲ್ಲಮ್ಮಾ.”

“ಅಂದ್ರೆ ನಾನು ಸುಳ್ಳು ಬರೆದಿದ್ದೀನಿ ಅಂತೀರಾ?”

“ಅಯ್ಯೋ, ಹಾಗಲ್ಲ. ಎಲ್ಲಿಂದಲೋ ಒಳಗೆ ನುಗ್ತಿದೆ. ಎಲ್ಲಿಂದ ಅಂತ ನಂಗೆ ಕಾಣ್ತಿಲ್ಲ, ಅಷ್ಟೇ.”

ಸಿಟ್ಟು ಬಸ್ ನಿಲ್ದಾಣದವರೆಗೆ ಉಳಿಯಿತು. ಬಸ್ಸು ಹತ್ತಿ ಕುಳಿತ ಮೇಲೆ ಆ ಜಾಗದಲ್ಲಿ ಕುತೂಹಲ ಬಂದು ಕೂತಿತು. ಹಾಲು ಒಡೆದರೆ ಚೆಲ್ಲುವ ಮೊದಲು ಯಾಕೆ ಒಡೆಯಿತೆಂದು ಪಾತ್ರೆ ಮೂಸಿ ನೋಡುವ ಹೆಂಗಸು ಅವಳು. ಹೌದಲ್ಲ, ಎಲ್ಲಿಂದ?

ಮರುದಿನವೇ ಪತ್ತೇದಾರಿಕೆ ಶುರುವಾಯಿತು. ಮೊದಲು ತಾನು ಉಣ್ಣುವ ಬಟ್ಟಲನ್ನು ಉಗ್ರಾಣದ ತಕ್ಕಡಿಯಲ್ಲಿಟ್ಟಳು. ಅನ್ನ ಸರಿಯಾಗಿಯೇ ಇತ್ತು. ತಕ್ಕಡಿಯ ಮೇಲೇ ಅನುಮಾನ ಬಂದು ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ಪರೀಕ್ಷಿಸಿದಳು. ಅದೂ ಸರಿ.

“ಏನು ದೊಡ್ಡಕ್ಕ, ನನ್ನ ತಕ್ಕಡಿನ ಕಟಕಟೆಗೆ ಹತ್ತಿಸಿಬಿಟ್ರಿ?” ಎಂದ ಉಗ್ರಾಣದವನು.

“ನೀನೂ ಹತ್ತು ಬಾ. ನಿನ್ ಹೊಟ್ಟೆದೂ ವಿಚಾರಣೆ ಆಗ್ಲಿ.”

ಉತ್ತರ ಸಿಕ್ಕಿದ್ದು ಹನ್ನೊಂದು ಗಂಟೆಗೆ, ಒಲೆಯ ಮುಂದೆ. ನಾನೂರು ಜನರ ಅಡುಗೆ ಕುದಿಯುತ್ತಿತ್ತು. ಜೊತೆಯ ಅಡುಗೆಯವನು, ಎಲ್ಲರೂ ‘ಮೀಸೆ’ ಎಂದು ಕರೆಯುವವನು, ಅತ್ತಲಿಂದ ಕೂಗಿದ: “ದೊಡ್ಡಕ್ಕಾ, ಉಪ್ಪು ನೋಡಿದ್ರಾ?”

“ನೋಡ್ದೆ ಕಣೋ.”

ಹೇಳಿದವಳ ಕೈ ಸೌಟಿನ ಸಮೇತ ಗಾಳಿಯಲ್ಲೇ ನಿಂತಿತು. ಅಂಗೈಯಲ್ಲಿ ಬಿಸಿ ಬೇಳೆಯ ಪಸೆ ಇನ್ನೂ ಇತ್ತು.

“ಮೀಸೆ, ನಾನು ಉಪ್ಪನ್ನ ಯಾವುದ್ರಲ್ಲಿ ನೋಡ್ದೆ?”

“ಇದೇನು ಪ್ರಶ್ನೆ? ಬಾಯಲ್ಲಿ.”

“ಬಾಯಲ್ಲಿ ಹಾಕ್ಕೊಂಡಿದ್ದು ಎಲ್ಲಿಗೆ ಹೋಯ್ತು?”

ಮೀಸೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿದ್ದೆಗಿದ್ದೆ ಸರಿಯಾಗಿ ಆಗಿದ್ಯಾ ನಿಮ್ಗೆ?”

ಇಪ್ಪತ್ತೆರಡು ವರ್ಷಗಳಿಂದ ಅವಳು ಉಪ್ಪು ನೋಡಿದ್ದಳು, ಹದ ನೋಡಿದ್ದಳು, ಬೆಂದಿದೆಯೇ ಎಂದು ನೋಡಿದ್ದಳು. ನೋಡಿದ್ದನ್ನು ಯಾರಾದರೂ ತಿಂದದ್ದರ ಪಟ್ಟಿಯಲ್ಲಿ ಬರೆಯುತ್ತಾರೆಯೇ?

ಅಂದು ಒಂದು ಖಾಲಿ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡಳು. ರುಚಿ ನೋಡಿದಾಗಲೆಲ್ಲ ಅಷ್ಟನ್ನೇ ಅದಕ್ಕೂ ಹಾಕಬೇಕು. ಬೇಳೆ ಸೌಟಿನ ತುದಿಯಲ್ಲಿ ಹಲವು ಸಲ, ಕರಿದ ಆಲೂಗಡ್ಡೆ ನಾಲ್ಕು ತುಂಡು, ತುಪ್ಪ ಹಾಕಿದ ಸಿಹಿ ಗಂಜಿ ಮತ್ತೆ ಮತ್ತೆ. ಮೂರು ಗಂಟೆಗೆ ಪಾತ್ರೆ ತಕ್ಕಡಿ ಏರಿತು. ಪಾತ್ರೆಯ ತೂಕ ಕಳೆದು ಏಳುನೂರ ಹತ್ತು ಗ್ರಾಂ.

“ಯಾರಿಗೆ ಕಟ್ಟಿಸ್ಕೊಂಡು ಹೋಗ್ತಿದ್ದೀರಿ? ಇಬ್ಬರಿಗಾಗತ್ತೆ,” ಎಂದ ಉಗ್ರಾಣದವನು.

“ಕಟ್ಟಿಸ್ಕೊಂಡು ಹೋಗಾಯ್ತು,” ಎಂದು ದೊಡ್ಡಕ್ಕ ಹೊಟ್ಟೆ ತಟ್ಟಿಕೊಂಡಳು.

ಆದರೆ ರುಚಿ ನೋಡದೆ ಅಡುಗೆ ಹೇಗೆ? ನಾನೂರು ಜನ ಸುಮ್ಮನೆ ಬಿಡುತ್ತಾರೆಯೇ? ಮರುದಿನ ಅವಳು ಒಂದೊಂದು ಪಾತ್ರೆಗೂ, ರುಚಿ ನೋಡಿದ ಸಲಕ್ಕೊಂದರಂತೆ ಗೆರೆ ಎಳೆದು ಎಣಿಸಿದಳು. ಬೇಳೆಯ ರುಚಿಯನ್ನು ಒಂಬತ್ತು ಸಲ ನೋಡಿದ್ದಳು, ಮೇಲಿಂದ ಏನಾದರೂ ಹಾಕಿದ್ದು ಎರಡನೆಯ ಸಲದ ನಂತರ ಮಾತ್ರ. ಉಳಿದ ಏಳು ಸಲ ನಾಲಿಗೆ ಏನನ್ನೂ ಕೇಳಿರಲಿಲ್ಲ. ಕೈ ಖಾಲಿಯಿತ್ತು, ಸೌಟು ಹತ್ತಿರವಿತ್ತು, ಅಷ್ಟೇ.

ಸೌಟು ಬಿಟ್ಟು ಚಹಾದ ಚಮಚ ಹಿಡಿದಳು. ಪಾತ್ರೆಗೆ ಎರಡೇ ಸಲ. ಕೈ ಚಪಲವಾದಾಗ ಹಿತ್ತಲ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು ಬರುವುದು. ಮೂರನೆಯ ದಿನ ಗಂಜಿಗೆ ಸಕ್ಕರೆ ಕಡಿಮೆಯಾಗಿ ಇಡೀ ಯಂತ್ರ ವಿಭಾಗ ಬಂದು ಜಗಳ ಕಾದಿತು. “ನಿಮ್ಮ ತೂಕಕ್ಕೆ ನಾವ್ಯಾಕೆ ಪಥ್ಯ ಮಾಡ್ಬೇಕು?” ಎಂದ ಒಬ್ಬ. ನಾಲ್ಕನೆಯ ದಿನದಿಂದ ಸಕ್ಕರೆಯನ್ನೂ ಉಪ್ಪನ್ನೂ ತೂಗಿಯೇ ಹಾಕಿದಳು. ಜಗಳ ನಿಂತಿತು.

ಎಂಟು ವಾರಗಳಲ್ಲಿ ತೂಕದ ಮುಳ್ಳು ಒಮ್ಮೆ ಮುನಿಸಿಕೊಂಡು ನಿಂತಿತು, ಒಮ್ಮೆ ಮೇಲಕ್ಕೂ ಏರಿತು. ಕೊನೆಗೆ ಆಸ್ಪತ್ರೆಯ ತಕ್ಕಡಿಯ ಮೇಲೆ ಅವಳು ಉಸಿರು ಬಿಗಿಹಿಡಿದು ನಿಂತಳು.

“ಉಸಿರು ಬಿಡಿ, ಅದಕ್ಕೇನೂ ತೂಕ ಇಲ್ಲ,” ಎಂದರು ವೈದ್ಯರು. ಒಟ್ಟು ಆರು ಕಿಲೋ ನೂರು ಗ್ರಾಂ ಇಳಿದಿತ್ತು. ಅವರು ಕ್ಯಾಲೆಂಡರ್ ಎಳೆದುಕೊಂಡು ಮುಂದಿನ ತಿಂಗಳ ಒಂದು ಮಂಗಳವಾರಕ್ಕೆ ಸುತ್ತು ಹಾಕಿದರು.

ಹೊರಗೆ ಬೆಂಚಿನ ಮೇಲೆ ತಂಗಿ ಕಾಯುತ್ತಿದ್ದಳು. ದೊಡ್ಡಕ್ಕ ಪಕ್ಕದಲ್ಲಿ ಕುಳಿತು, ವೈದ್ಯರು ಆಪರೇಷನ್ ದಿನ ಬರೆದುಕೊಟ್ಟ ಚೀಟಿಯನ್ನು ಅವಳ ಮಡಿಲಿಗಿಟ್ಟಳು. ತಂಗಿ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು, ಅಕ್ಕನ ತೋಳಿಗೆ ಹಣೆ ಒತ್ತಿ ಕುಳಿತಳು. ಅಷ್ಟರಲ್ಲಿ ಏನೋ ಗುಡುಗುಟ್ಟಿತು.

“ಏನಕ್ಕಾ ಅದು ಸದ್ದು?”

“ನನ್ ಹೊಟ್ಟೆ ಕಣೇ. ಹಸಿವಂತೆ,” ಎಂದಳು ದೊಡ್ಡಕ್ಕ, ಹೊಸ ಯಂತ್ರದ ಸದ್ದಿಗೆ ಕಿವಿಗೊಟ್ಟವಳ ಹಾಗೆ. “ಎಷ್ಟು ವಿಚಿತ್ರ ನೋಡು, ಇಷ್ಟು ಜನಕ್ಕೆ ಬಡಿಸಿದೀನಿ, ಇದು ಹೀಗಿರತ್ತೆ ಅಂತಲೇ ಮರೆತುಹೋಗಿತ್ತು.”