ತಳ ಕೊಯ್ದ ಬುಟ್ಟಿ

ಸತ್ತ ತಂದೆಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಪೂನಂ ಬಿಸಿನೀರಿನಲ್ಲಿ ಉಜ್ಜುತ್ತಿದ್ದಳು. ಬಿದಿರಿನ ಸೀಳು ಕೊಯ್ದ ಗೆರೆಗಳಲ್ಲಿ ಕೂತ ಕಪ್ಪು ಎಷ್ಟು ತಿಕ್ಕಿದರೂ ಹೋಗಲೊಲ್ಲದು.

"ಸಾಕು ಬಿಡವ್ವ," ಅಂದಳು ನೆರೆಮನೆಯ ಕಮಳಾಬಾಯಿ. "ನಲವತ್ತು ವರ್ಷ ಬುಟ್ಟಿ ಹೆಣೆದ ಕೈ. ಹಂಗೇ ಹೋಗಲಿ."

ಹುಮನಾಬಾದಿನ ಆ ಓಣಿಯಲ್ಲಿ ಅವಳಪ್ಪ ಮಚ್ಚೇಂದ್ರನ ಬುಟ್ಟಿಯಿಲ್ಲದ ಮನೆಯಿರಲಿಲ್ಲ. ರೊಟ್ಟಿಗೊಂದು, ಕೋಳಿ ಮುಚ್ಚಲಿಕ್ಕೊಂದು, ಸಗಣಿ ಹೊರಲಿಕ್ಕೊಂದು. ಟೊಮೆಟೊ ವ್ಯಾಪಾರಿ ನಸೀರ್ ಅಂತೂ ಪ್ಲಾಸ್ಟಿಕ್ ಕ್ರೇಟು ಬಂದ ಮೇಲೂ ಅವನ ಬುಟ್ಟಿಯನ್ನೇ ಒಯ್ಯುತ್ತಿದ್ದ. ಈಗ ಅವನೂ ಬಾಗಿಲಲ್ಲಿ ನಿಂತಿದ್ದ.

"ನಿಮ್ಮಪ್ಪಗ ಯಾವಾಗ್ಲೂ ನಿಂದೇ ಮಾತು," ಕಮಳಾಬಾಯಿ ಮುಂದುವರಿಸಿದಳು. "ಬಸವಕಲ್ಯಾಣದಾಗ ನಿನ್ನ ಆಟ ನೋಡ್ಲಾಕ ಹೋಗಿದ್ದನಲ್ಲ. ಎಲ್ಲಾರ ಮುಂದ ನಮ್ಮಪ್ಪ ಅಂದಿ, ಕುರ್ಚಿ ಹಾಕಿ ಕುಂದ್ರಿಸಿದಿ. ನೂರು ಸಲ ಹೇಳ್ಯಾನ."

ಪೂನಂಳ ಕೈ ನಿಂತಿತು.

*

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಬಾಸ್ಕೆಟ್‌ಬಾಲ್ ಕಂಬದ ರಿಂಗು ಮುರಿದುಬಿತ್ತು. ಅಪ್ಪ ಒಂದು ದೊಡ್ಡ ಬುಟ್ಟಿಯ ತಳ ಕೊಯ್ದು ಮನೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದ. ಚೆಂಡು ಬಡಿದು ಬಡಿದು ಬುಟ್ಟಿ ತಿಂಗಳಿಗೊಮ್ಮೆ ಬಿಚ್ಚಿಕೊಳ್ಳುತ್ತಿತ್ತು. ಅವನು ಮತ್ತೊಂದು ಹೆಣೆಯುತ್ತಿದ್ದ. ಎರಡು ವರ್ಷದಲ್ಲಿ ಅವಳು ಜಿಲ್ಲಾ ತಂಡ ಸೇರಿದಳು.

ಬಸವಕಲ್ಯಾಣದ ಪಂದ್ಯಕ್ಕೆ ಅಪ್ಪ ಬಸ್ಸು ಹಿಡಿದು ಬಂದ. ಹೆಗಲ ಮೇಲೆ ಮಾರುವ ಬುಟ್ಟಿಗಳು, ಕೈಯಲ್ಲಿ ತಂಡಕ್ಕೆಂದು ಒಂದು ಬುಟ್ಟಿ ಪೇರಲ. ತಂಡದ ಹೊಸ ಬೂಟಿನ ಹುಡುಗಿಯರು ತಿರುಗಿ ನೋಡಿದರು.

"ಪೂನಂ, ಯಾರ ಅಂವಾ?"

"ಯಾರೋ ಬುಟ್ಟಿ ಮಾರಾಂವ," ಅಂದಳು ಪೂನಂ.

ಅವನಿಗೆ ಕೇಳಿಸಿತು. ಒಂದು ಗಳಿಗೆ ನಿಂತ. ಆಮೇಲೆ ಮುಂದೆ ಬಂದು ಪೇರಲದ ಬುಟ್ಟಿಯನ್ನು ಅವಳ ಕಾಲ ಬಳಿ ಇಳಿಸಿದ.

"ತಗೋರಿ ಬಾಯಾರ. ನಿಮ್ಮ ಮಾಸ್ತರು ತರ್ಲಾಕ ಹೇಳಿದ್ರಿ."

ಮಗಳನ್ನು ಅವನು ಅಮ್ಮಾವರ ಎಂಬಂತೆ ಬಹುವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಮತ್ತೆ ಯಾವ ಪಂದ್ಯಕ್ಕೂ ಬರಲಿಲ್ಲ. ಅವಳು ಕಲ್ಯಾಣದಲ್ಲೇ ಆಟದ ಟೀಚರಾದಳು. ಮುಂದಿನ ಸಲ ಊರಿಗೆ ಹೋದಾಗ ತಪ್ಪಾಯ್ತು ಅಂದುಬಿಡಬೇಕು ಅಂದುಕೊಳ್ಳುತ್ತ ಹದಿನೆಂಟು ವರ್ಷ ಕಳೆದಳು.

*

"ಹಂಗ ಆಗಿಲ್ಲ ಕಾಕು," ಅಂದಳು ಪೂನಂ. "ಯಾರೋ ಬುಟ್ಟಿ ಮಾರಾಂವ ಅಂದಿದ್ದೆ ನಾ. ಅಪ್ಪಗ ಕೇಳ್ಸಿತ್ತು."

ಕಮಳಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಹೆಣಕ್ಕೆ ನೀರು ಹೊಯ್ಯುತ್ತಿದ್ದವರು ತಂಬಿಗೆ ಕೆಳಗಿಟ್ಟರು. ನಸೀರ್ ನೆಲ ನೋಡುತ್ತಲೇ ಬಾಯಿಬಿಟ್ಟ.

"ನಂಗ ಗೊತ್ತದ ಬೇಟಿ. ಅವತ್ತು ವಾಪಸ್ ಬರೂ ಬಸ್ಸಿನ್ಯಾಗ ನಾನೂ ಇದ್ದೆ. ಓಣ್ಯಾಗ ಕೇಳಿದ್ರ ಏನ್ ಹೇಳಬೇಕಂತ ನಿಮ್ಮಪ್ಪ ದಾರಿ ತುಂಬ ಮಾತು ಕೂಡಿಸ್ಕೋತ ಬಂದ. ಆ ಕುರ್ಚಿ ಮಾತು ನಾನೇ ಹೇಳಿಕೊಟ್ಟಿದ್ದು."

ಅವಳು ತಂದೆಯ ಕೈಯನ್ನು ಒರೆಸಿ ಎದೆಯ ಮೇಲಿಟ್ಟಳು. ಯಾರ ಮುಖವನ್ನೂ ನೋಡಲಾಗಲಿಲ್ಲ.

ಚಟ್ಟ ಎತ್ತುವಾಗ ಅವಳು ಮುಂದಿನ ಮೂಲೆಗೆ ಬಂದು ನಿಂತಳು.

"ಹೆಣ್ಮಕ್ಕಳು ಹೆಗಲು ಕೊಡಂಗಿಲ್ರಿ ಟೀಚರ್," ಅಂದ ಓಣಿಯ ಹಿರಿಯ ವೀರಭದ್ರ.

ಅವಳು ಬಿದಿರನ್ನು ಹೆಗಲಿಗೇರಿಸಿದಳು. ಉಳಿದ ಮೂವರಿಗಿಂತ ಅವಳು ಗೇಣುದ್ದ ಎತ್ತರ. ಅವಳ ಕಡೆ ಚಟ್ಟ ಮೇಲೆದ್ದು, ಮಚ್ಚೇಂದ್ರನ ತಲೆ ಒಂದು ಪಕ್ಕಕ್ಕೆ ವಾಲಿತು.

"ವಾಲಾಕತ್ತದ, ವಾಲಾಕತ್ತದ," ಅಂದರು ಹಿಂದಿನವರು.

ಪೂನಂ ಮಂಡಿ ಮಡಿಸಿದಳು. ಕುತ್ತಿಗೆ ತಗ್ಗಿಸಿದಳು. ಚಟ್ಟ ಸಮಕ್ಕೆ ಬಂತು. ಓಣಿ ದಾಟಿ, ಬಸ್‌ಸ್ಟ್ಯಾಂಡಿನ ಜನರ ನಡುವೆ, ಬದಲಿಗೆ ಹೆಗಲು ಕೊಡಲು ಬಂದವರಿಗೆ ಜಾಗ ಬಿಡದೆ, ಸ್ಮಶಾನದವರೆಗೂ ಅವಳು ಹಾಗೇ ಬಾಗಿ ನಡೆದಳು.