ಇನ್ನೂರ ಹನ್ನೆರಡನೆಯವಳ ಹೇಳಿಕೆ

ನ್ಯಾಯಾಲಯದಲ್ಲಿ ಮೂವತ್ತೆಂಟು ವರ್ಷ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದ ಮರುವರ್ಷವೇ ಆಕೆ ಪಿಎಚ್‌ಡಿಗೆ ಅರ್ಜಿ ಹಾಕಿದಳು. ಗಂಡ ಪತ್ರಿಕೆಯಿಂದ ತಲೆ ಎತ್ತದೆ, "ಡಾಕ್ಟರ್ ಆಗ್ತೀಯಾ? ಹಾಗಾದ್ರೆ ಮೊದಲು ನನ್ನ ಮಂಡಿನೋವಿಗೆ ಏನಾದ್ರೂ ಮಾಡು" ಎಂದ. ಸಂದರ್ಶನದಲ್ಲಿ ಒಬ್ಬರು, ಈ ವಯಸ್ಸಿನಲ್ಲಿ ಯಾಕೆ ಮೇಡಂ ಎಂದು ಮೆಲ್ಲಗೆ ಕೇಳಿದರು. "ಈ ವಯಸ್ಸಿಗೆ ಬಿಡುವಾಯ್ತು ಸರ್" ಎಂದಳು. ಎಲ್ಲರೂ ನಕ್ಕರು. ಆದರೆ ಸೀಟು ಸಿಕ್ಕಿದ್ದು ಆ ಮಾತಿಗಲ್ಲ.

ಊರಿನ ಹಳೆಯ ಮಾನಸಿಕ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನಲವತ್ತೊಂದು ನೋಟ್‌ಪುಸ್ತಕಗಳಿದ್ದವು. ಅರವತ್ತು ವರ್ಷದ ಹಿಂದೆ ಅಲ್ಲಿದ್ದ ವೈದ್ಯರೊಬ್ಬರು ರೋಗಿಗಳ ಜೊತೆ ಆಡಿದ ಮಾತನ್ನೆಲ್ಲ ಒಬ್ಬ ಶೀಘ್ರಲಿಪಿಗಾರ ಪಕ್ಕದಲ್ಲಿ ಕೂತು ಬರೆದುಕೊಂಡದ್ದು. ಗೀರು, ಕೊಂಡಿ, ಚುಕ್ಕೆ. ಯಾರಿಗೂ ಓದಲು ಬಾರದೆ ಅವು ಹಾಗೇ ಬಿದ್ದಿದ್ದವು. ಅವಳ ಮಾರ್ಗದರ್ಶಕ, ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವನು, ಒಂದು ಪುಟದ ಜೆರಾಕ್ಸ್ ಮುಂದಿಟ್ಟು, "ಇದು ಓದಕ್ಕಾಗುತ್ತಾ ಮೇಡಂ?" ಎಂದು ಕೇಳಿದ್ದ. ಆಕೆ ದಾರ ಕಟ್ಟಿದ ಕನ್ನಡಕ ಏರಿಸಿ ಪತ್ರಿಕೆ ಓದಿದಷ್ಟು ಸಲೀಸಾಗಿ ಓದಿದಳು. ಅವನು ಕುರ್ಚಿಯಿಂದ ಎದ್ದುಬಿಟ್ಟ.

ಮೂರು ವರ್ಷ ಹೀಗೇ ನಡೆಯಿತು. ಬೆಳಗ್ಗೆ ಒಂಬತ್ತೂವರೆಯ ಬಸ್ಸು, ದಾಖಲೆ ಕೋಣೆ, ಕಿಟಕಿಯ ಪಕ್ಕದ ಮರದ ಕುರ್ಚಿ, ಮಧ್ಯಾಹ್ನ ಗುಮಾಸ್ತ ತರುವ ಚಹಾ. ಆ ಗುಮಾಸ್ತ ದಪ್ಪ ಮೀಸೆಯ, ಯಾವುದಕ್ಕೂ ಅವಸರಪಡದ ಮನುಷ್ಯ. ದಿನಕ್ಕೆ ಹತ್ತು ಹನ್ನೆರಡು ಪುಟ ಅವಳು ಮಾಮೂಲಿ ಬರಹಕ್ಕೆ ಇಳಿಸುತ್ತಿದ್ದಳು. ಓದುವಾಗ ಬೆರಳು ಸಾಲಿನ ಮೇಲೆ, ತುಟಿ ಸಣ್ಣಗೆ ಅಲುಗಾಡುತ್ತಿರಬೇಕು. ನ್ಯಾಯಾಲಯದಲ್ಲಿ ಅಂಟಿದ ಅಭ್ಯಾಸ.

ಇನ್ನೂರ ಹನ್ನೆರಡು ಎಂಬ ಸಂಖ್ಯೆಯ ರೋಗಿ ಮೊದಲು ಕಾಣಿಸಿಕೊಂಡಿದ್ದು ಇಪ್ಪತ್ತೆಂಟನೆಯ ಪುಸ್ತಕದಲ್ಲಿ. ಇಪ್ಪತ್ತನಾಲ್ಕರ ಹೆಂಗಸು. ಹೆತ್ತ ಮಗು ಎಂಟು ದಿನಕ್ಕೆ ತೀರಿಕೊಂಡ ಮೇಲೆ ಏಳು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಗಂಡನ ಮನೆಯವರು ಬಿಟ್ಟು ಹೋದವರು ತಿರುಗಿ ನೋಡಿರಲಿಲ್ಲ. ಈಗ ಮಾತಾಡುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು. ಇವತ್ತು ಯಾವ ವಾರ ಎಂದು ವೈದ್ಯರು ಕೇಳಿದರೆ, "ಗುರುವಾರ. ಆದ್ರೆ ನಿಮ್ಮ ಷರಟನ್ನ ಕೇಳಿದ್ರೆ ಇನ್ನೂ ಸೋಮವಾರ ಅನ್ನುತ್ತೆ ಡಾಕ್ಟ್ರೇ" ಎಂದಿದ್ದಳು. ಓದುತ್ತ ಆಕೆ ಒಬ್ಬಳೇ ನಕ್ಕಳು. ಮನೆಗೆ ಹೋಗಿ ಗಂಡನಿಗೂ ಹೇಳಿದಳು. ಪ್ರತಿ ಗುರುವಾರದ ಆ ಹುಡುಗಿಯ ಮಾತಿಗಾಗಿ ಅವಳು ಕಾಯತೊಡಗಿದಳು. ಮಾರ್ಗದರ್ಶಕನೂ ಕುಣಿದಾಡಿದ. "ಇದೇ ನಿಮ್ಮ ಪ್ರಬಂಧದ ಬೆನ್ನೆಲುಬು ಮೇಡಂ. ಈಕೆಯನ್ನ ಬಿಡಬೇಡಿ."

ಮೂವತ್ತೊಂದನೆಯ ಪುಸ್ತಕದಲ್ಲಿ ಒಂದು ಕಡೆ ಹೀಗಿತ್ತು:

"ಇವತ್ತೂ ಬಂದಿದ್ದಾರೆ."

"ಯಾರು?" ವೈದ್ಯರ ಪ್ರಶ್ನೆ.

"ಆ ಅಮ್ಮ. ಕಿಟಕಿ ಹತ್ರ ಕುರ್ಚೀಲಿ. ತಲೆಯೆಲ್ಲ ನೆರೆತಿದೆ. ಕನ್ನಡಕಕ್ಕೆ ದಾರ ಕಟ್ಕೊಂಡಿದ್ದಾರೆ. ಸಾಲಿನ ಮೇಲೆ ಬೆರಳಿಟ್ಟು ಏನೋ ಓದ್ತಾರೆ. ತುಟಿ ಅಲ್ಲಾಡ್ತಾ ಇರುತ್ತೆ."

ಅದರ ಕೆಳಗೆ ಬರೆದುಕೊಂಡವನು ಕಂಸದಲ್ಲಿ ಸೇರಿಸಿದ್ದ: ಕುರ್ಚಿ ಖಾಲಿ ಇದೆ.

ಆಕೆಯ ತುಟಿ ತಾನಾಗಿ ನಿಂತಿತು. ಬೆರಳನ್ನು ಸಾಲಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಚಹಾ ತಂದ ಗುಮಾಸ್ತನನ್ನು, ಈ ಕೋಣೆ ಮೊದಲು ಏನಾಗಿತ್ತು ಎಂದು ಕೇಳಿದಳು.

"ಇದಾ? ದೊಡ್ಡ ಡಾಕ್ಟ್ರು ಪೇಷಂಟ್ ನೋಡ್ತಿದ್ದ ರೂಮಂತೆ ಮೇಡಂ. ಕಪಾಟೆಲ್ಲ ಆಮೇಲೆ ಬಂದಿದ್ದು. ಯಾಕೆ?"

"ಸುಮ್ನೆ ಕೇಳ್ದೆ."

ಗಂಡನಿಗೆ ಹೇಳಿದಾಗ ಅವನು, "ಕನ್ನಡಕಕ್ಕೆ ದಾರ ಕಟ್ಟಿರೋ ಮುದುಕಿಯರು ಬೀದಿಗೆ ಹತ್ತು ಜನ ಸಿಗ್ತಾರೆ ಕಣೇ" ಎಂದು ನಕ್ಕ. ಅವಳಿಗೂ ಹಗುರವಾಯಿತು. ಆದರೂ ಮಾರನೆಯ ದಿನ ಹೊರಡುವಾಗ ದಾರ ಬಿಚ್ಚಿಟ್ಟಳು. ಎಂದಿನ ಬೂದು ಸ್ವೆಟರಿನ ಬದಲು ಮಗಳು ಕೊಟ್ಟು, ಇವಳು ಒಮ್ಮೆಯೂ ಹಾಕಿರದ ಹಳದಿ ಸ್ವೆಟರ್ ಹಾಕಿಕೊಂಡಳು. ಬಸ್ಸಿನಲ್ಲಿ ಅವಳಿಗೇ ನಗು ಬಂತು. ದಾಖಲೆ ಕೋಣೆಯಲ್ಲಿ ಕೂತು ಮುಂದಿನ ಗುರುವಾರದ ಪುಟ ತೆರೆದಳು.

"ಇವತ್ತು ಹಳದಿ ಹಾಕ್ಕೊಂಡು ಬಂದಿದ್ದಾರೆ. ದಾರ ಇಲ್ಲ. ನನ್ನ ಪರೀಕ್ಷೆ ಮಾಡ್ತಿದ್ದಾರೆ ಅನ್ಸುತ್ತೆ ಡಾಕ್ಟ್ರೇ."

ಆ ದಿನ ಆಕೆ ಮತ್ತೊಂದು ಅಕ್ಷರ ಓದಲಿಲ್ಲ. ಸ್ವೆಟರ್ ಬಿಚ್ಚಿ ಚೀಲದಲ್ಲಿ ತುರುಕಿ, ಚಳಿಯಲ್ಲೇ ಬಸ್‌ನಿಲ್ದಾಣಕ್ಕೆ ನಡೆದಳು.

ಒಂದು ವಾರ ಮನೆಯಲ್ಲಿದ್ದಳು. ಆಮೇಲೆ ಮಗಳನ್ನು ಕರೆದುಕೊಂಡು ಹೋದಳು. ಮಗಳು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು, ಯಾವುದನ್ನೂ ಎರಡು ಸಲ ನೋಡದೆ ಒಪ್ಪುವವಳಲ್ಲ. ಒದ್ದೆ ಛತ್ರಿ ಹಿಡಿದು ತಾಯಿಯ ಕುರ್ಚಿಯ ಹಿಂದೆ ನಿಂತಳು. ಆಕೆ ಹೊಸ ಪುಟ ತೆರೆದು ಗಟ್ಟಿಯಾಗಿ ಓದಿದಳು: "ಅವರ ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ. ಮಗಳಿರಬೇಕು, ಮೂಗು ಒಂದೇ ಥರ. ಕೈಲಿ ಕೆಂಪು ಛತ್ರಿ, ನೀರು ತೊಟ್ಟಿಕ್ತಾ ಇದೆ."

ಮಗಳು ಪುಸ್ತಕದತ್ತ ಬಗ್ಗಿದಳು. ಅಲ್ಲಿ ಅವಳಿಗೆ ಕಂಡದ್ದು ಗೀರು, ಚುಕ್ಕೆ.

"ಅಮ್ಮ, ಇದನ್ನ ಓದೋಕೆ ಬರೋದು ನಿಂಗೊಬ್ಬಳಿಗೇ ಅಲ್ವಾ?"

"ಹೌದು."

"ಹಾಗಾದ್ರೆ ಇದರಲ್ಲಿ ಹಂಗೇ ಬರ್ದಿದೆ ಅಂತ ಯಾರು ಹೇಳ್ಬೇಕು?"

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕಳವಳವಿತ್ತು. ಸಂಜೆ ಅಪ್ಪನ ಜೊತೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದಳು. ವೈದ್ಯರೊಬ್ಬರ ವಿಳಾಸ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದಳು. ಆಕೆ ಅದನ್ನು ಕೀಳಲಿಲ್ಲ. ತನಗೆ ತಲೆ ಕೆಟ್ಟಿದ್ದರೆ ವಾಸಿಯಾದೀತು, ಅದೇ ಸುಲಭ ಎಂದು ಅವಳಿಗೂ ಅನ್ನಿಸಿತ್ತು. ಆ ವೈದ್ಯರನ್ನು ಕಂಡೂ ಬಂದಳು. ಅವರು ಒಂದು ಗಂಟೆ ಮಾತಾಡಿಸಿ, ನಿಮಗೆ ಏನೂ ಆಗಿಲ್ಲ, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಕಳಿಸಿದರು.

ಮೂವತ್ತೈದನೆಯ ಪುಸ್ತಕದ ಹೊತ್ತಿಗೆ ಬರೆದುಕೊಳ್ಳುತ್ತಿದ್ದವನ ಕೈ ಬದಲಾಗಿತ್ತು. ಅಷ್ಟು ವರ್ಷ ಓದಿ ಅವನ ಕೈಯನ್ನು ಆಕೆ ನೆರೆಮನೆಯವರನ್ನು ಬಲ್ಲಷ್ಟು ಬಲ್ಲಳು. ಒತ್ತಿ ಬರೆಯದ, ತೆಳುವಾದ, ನೇರ ಗೀರುಗಳು. ಈಗ ಅವು ಕೆಲವೆಡೆ ಕಾಗದವನ್ನೇ ಹರಿದಿದ್ದವು. ಒಂದು ಅಂಚಿನಲ್ಲಿ, ವೈದ್ಯರದೂ ಅಲ್ಲದ ರೋಗಿಯದೂ ಅಲ್ಲದ ಒಂದು ಸಾಲಿತ್ತು: "ಡಾಕ್ಟರು ಹೊರಗೆ ಹೋದಾಗ ನಾನೇ ಹೋಗಿ ಕುರ್ಚಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು."

ಆಕೆ ಕೂತಲ್ಲೇ ಕೂತಳು. ಏಳುವುದಕ್ಕೂ ಭಯ, ಕೂತಿರುವುದಕ್ಕೂ ಭಯ. ಹೊರಗೆ ಅಂಗಳದಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋಗುವ ಸದ್ದು ಕೇಳಿದ ಮೇಲೆಯೇ ಅವಳಿಗೆ ಉಸಿರು ಸರಾಗವಾಯಿತು.

ನಿಜವಾದ ಸಂಕಟ ಬಂದದ್ದು ಮೂವತ್ತಾರನೆಯ ಪುಸ್ತಕದ ಕೊನೆಯಲ್ಲಿ. ವೈದ್ಯರು ಆ ಹುಡುಗಿಗೆ ಹೇಳಿದ್ದರು: "ಮಿಕ್ಕಿದ್ದೆಲ್ಲ ಸರಿಹೋಗಿದೆ ಕಣಮ್ಮ. ನಿಮ್ಮಣ್ಣ ಕರ್ಕೊಂಡು ಹೋಗ್ತೀನಿ ಅಂತ ಕಾಗದ ಬರೆದಿದ್ದಾನೆ. ಈ ಹೆಂಗಸು ಕಾಣೋದೊಂದು ನಿಲ್ಲಬೇಕು. ಒಂದು ತಿಂಗಳು ನೋಡ್ತೀನಿ. ಕಾಣಲಿಲ್ಲ ಅಂದ್ರೆ ಮನೆಗೆ ಹೋಗು. ಕಂಡ್ರೆ ಮೇಲಿನ ಮಹಡಿಗೆ ಕಳಿಸಬೇಕಾಗುತ್ತೆ."

ಮೇಲಿನ ಮಹಡಿಯಲ್ಲಿ ತಲೆಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಲ್ಲಿಂದ ಇಳಿದು ಬಂದ ಐದಾರು ರೋಗಿಗಳ ಮಾತನ್ನು ಆಕೆ ಓದಿದ್ದಳು. ಪುಟಕ್ಕೊಂದು ಪದ. ಹೌದು. ಊಟ. ಹೌದು.

"ಸುಳ್ಳು ಹೇಳ್ಬೋದಿತ್ತು ಡಾಕ್ಟ್ರೇ, ಕಾಣಲ್ಲ ಅಂತ" ಎಂದಿದ್ದಳು ಹುಡುಗಿ. "ಆದ್ರೆ ಅವರು ಬಂದಾಗ ನನ್ನ ಕಣ್ಣು ಅತ್ತ ಹೋಗುತ್ತೆ. ನೀವು ಅದನ್ನೇ ನೋಡ್ತಿರ್ತೀರಿ." ಆಮೇಲೆ ಅವಳು ಬರೆದುಕೊಳ್ಳುವವನ ಕಡೆ ತಿರುಗಿರಬೇಕು. "ಅಣ್ಣಾ, ಇದನ್ನ ಬಿಡದೆ ಬರ್ಕೊಳ್ಳಿ. ಅಮ್ಮಾ, ನೀವು ಕೆಟ್ಟವರಲ್ಲ, ಗೊತ್ತು. ನನ್ನ ಮಾತಿಗೆ ನೀವು ನಗೋದನ್ನೂ ನೋಡಿದೀನಿ. ಆದ್ರೆ ಇನ್ನು ಬರಬೇಡಿ. ದಯವಿಟ್ಟು."

ಉಳಿದಿದ್ದವು ಐದು ಪುಸ್ತಕ.

ಆಕೆ ಮಾರ್ಗದರ್ಶಕನ ಬಳಿ ಹೋಗಿ, ಇನ್ನೂರ ಹನ್ನೆರಡರ ಅಧ್ಯಾಯ ಕೈಬಿಡುತ್ತೇನೆ ಎಂದಳು. ಅವನು ಬಾಗಿಲು ಮುಚ್ಚಿ ಬಂದು ಕೂತ.

"ಮೇಡಂ, ಇನ್ನು ಐದೇ ಪುಸ್ತಕ. ನಾಲ್ಕೈದು ತಿಂಗಳ ಕೆಲಸ. ಅವಳಿಗೆ ಕೊನೆಗೆ ಏನಾಯ್ತು ಅನ್ನೋದೇ ಇಲ್ದೆ ಪ್ರಬಂಧಕ್ಕೆ ಏನರ್ಥ? ನಿಮ್ಮ ನೋಂದಣಿ ಅವಧಿ ಬೇರೆ ಮುಗೀತಾ ಬಂತು. ಮತ್ತೆ ಬೇರೆ ಅಧ್ಯಾಯ ಬರೀತೀರಾ, ಈ..." ವಯಸ್ಸಿನಲ್ಲಿ ಎಂಬ ಮಾತನ್ನು ಅವನು ನುಂಗಿಕೊಂಡ.

"ಬರೀತೀನಿ ಸರ್."

"ಕಾರಣ ಆದ್ರೂ ಹೇಳಿ."

ಯೋಚಿಸಿ ಹೇಳ್ತೀನಿ ಎಂದು ಎದ್ದು ಬಂದಳು. ನಿಜಕ್ಕೂ ಅವಳ ಮನಸ್ಸು ಇನ್ನೂ ಗಟ್ಟಿಯಾಗಿರಲಿಲ್ಲ. ಮೂರು ವರ್ಷದ ದುಡಿಮೆ. ಎಲ್ಲ ತನ್ನ ತಲೆಯ ಆಟವಾಗಿದ್ದರೆ? ಅರವತ್ತು ವರ್ಷದ ಹಿಂದೆ ಆಗಿಹೋದದ್ದು ಆಗಿಹೋಗಿದೆ, ತಾನು ಈಗ ಓದಿದರೆಷ್ಟು ಬಿಟ್ಟರೆಷ್ಟು? ಅವಳು ಮೂವತ್ತೇಳನೆಯ ಪುಸ್ತಕದ ಮೇಲೆ ಕೈಯಿಟ್ಟು ಎರಡು ದಿನ ಸುಮ್ಮನೆ ಕೂತು ಎದ್ದಳು. ತೆರೆಯಲಿಲ್ಲ.

ಕೊನೆಗೆ ದಾರಿ ತೋರಿದವನು ಗಂಡ. ಭಾನುವಾರ ಬೆಳಗ್ಗೆ ಅವನು ಶೂ ಪಾಲಿಷ್ ಮಾಡುತ್ತ ಕೇಳಿದ: "ಕೋರ್ಟಲ್ಲಿ ಅಷ್ಟು ಜನ ಸಾಕ್ಷಿ ಹೇಳಿದ್ದನ್ನ ಬರ್ಕೊಂಡ್ಯಲ್ಲ, ಯಾರು ನಿಜ ಹೇಳ್ತಿದ್ದಾರೆ ಅಂತ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

"ಆದ್ರೆ ನಿನ್ನ ಯಾರೂ ಕೇಳ್ತಿರ್ಲಿಲ್ಲ."

"ನನ್ನ ಕೆಲಸ ಬರೆಯೋದು ಅಷ್ಟೇ ಆಗಿತ್ತಲ್ಲ ರೀ."

"ಈಗ ಕೇಳ್ತಿದೀನಿ. ಆ ಹುಡುಗಿ ನಿಜ ಹೇಳ್ತಿದ್ದಾಳಾ?"

ಆಕೆ ತಡಮಾಡಲಿಲ್ಲ. "ಹೌದು."

"ಮತ್ತಿನ್ನೇನು" ಎಂದು ಅವನು ಇನ್ನೊಂದು ಶೂ ಎತ್ತಿಕೊಂಡ.

ಸೋಮವಾರ ಆಕೆ ಐದೂ ಪುಸ್ತಕಗಳನ್ನು ದಾರದಿಂದ ಕಟ್ಟಿ ಗುಮಾಸ್ತನ ಕೈಗಿತ್ತು, ಕಪಾಟಿನ ಮೇಲ್ಗಡೆ ಇಡಿಸಿದಳು. ದಾಖಲೆ ಕೋಣೆಯ ಕಡೆ ಮತ್ತೆ ಸುಳಿಯಲಿಲ್ಲ. ಆಗಲೇ ಬರೆದಿಟ್ಟುಕೊಂಡಿದ್ದ ಬೇರೆ ರೋಗಿಗಳ ಹೇಳಿಕೆಗಳನ್ನಿಟ್ಟುಕೊಂಡು ಊಟದ ಮೇಜಿನ ಮೇಲೆ ಪ್ರಬಂಧವನ್ನು ಹೊಸದಾಗಿ ಕಟ್ಟಿದಳು. ಒಂದು ವರ್ಷ ಹೆಚ್ಚುವರಿ ಅವಧಿ ಕೇಳಿಕೊಳ್ಳಬೇಕಾಯಿತು. ಮಾರ್ಗದರ್ಶಕ ಆರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಇನ್ನೂರ ಹನ್ನೆರಡರ ಬಗ್ಗೆ ಪ್ರಬಂಧದಲ್ಲಿ ಉಳಿದದ್ದು ಒಂದೇ ವಾಕ್ಯ: ಈ ರೋಗಿಯ ಹೇಳಿಕೆಗಳನ್ನು ಪೂರ್ತಿಯಾಗಿ ಓದಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ಸರಿಯಾಗಿ ಆ ವಾಕ್ಯಕ್ಕೇ ಬೆರಳಿಟ್ಟರು.

"ಯಾಕೆ ಓದಿಲ್ಲ?"

"ಓದಬೇಡಿ ಅಂತ ಅವರೇ ಕೇಳಿಕೊಂಡಿದ್ದರು ಮೇಡಂ."

ಪರೀಕ್ಷಕಿ ಪೆನ್ನು ಕೈಗೆತ್ತಿಕೊಂಡರು. "ರೋಗಿಯ ಒಪ್ಪಿಗೆಗೆ ಇಷ್ಟು ಬೆಲೆ ಕೊಟ್ಟ ಪ್ರಬಂಧ ನಾನು ಈತನಕ ಕಂಡಿಲ್ಲ" ಎಂದು ಏನೋ ಬರೆದುಕೊಂಡರು. ಪದವಿ ಬಂತು. ಅರವತ್ತೈದನೆಯ ವಯಸ್ಸಿಗೆ ಅವಳು ಡಾಕ್ಟರಾದಳು. ಗಂಡ ಅಂದು ಬೆಳಗ್ಗೆಯೇ ಮಂಡಿ ಮುಂದೆ ಚಾಚಿ ಕೂತಿದ್ದ.

ಅದಾಗಿ ಹದಿನೈದು ದಿನಕ್ಕೆ ಆಕೆ ಗುಮಾಸ್ತನಿಗೆ ಫೋನ್ ಮಾಡಿದಳು. ಬಿಡುಗಡೆಯ ರಿಜಿಸ್ಟರು ಮಾಮೂಲಿ ಬರಹದಲ್ಲಿತ್ತು, ಯಾರಾದರೂ ಓದಬಹುದಿತ್ತು. "ನಾನು ಬರಲ್ಲ. ನೀವೇ ನೋಡಿ ಹೇಳಿ. ಇನ್ನೂರ ಹನ್ನೆರಡು, ಕೊನೇ ಕಾಲಂ."

ಅವನು ಅವಸರಪಡದೆ ಹುಡುಕಿದ. ಹಾಳೆ ಮಗುಚುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಆಕೆ ಇನ್ನೊಂದು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು.

"ಬಿಡುಗಡೆ ಅಂತಿದೆ ಮೇಡಂ. ಅಣ್ಣನ ಜೊತೆ. ಪೂರ್ತಿ ಗುಣ. ಷರಾದಲ್ಲಿ ಏನೋ ಬರ್ದಿದ್ದಾರೆ. 'ಹೊರಡುವ ಮುಂಚೆ ಕಿಟಕಿ ಪಕ್ಕದ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಟ್ಟಳು. ಕಾರಣ ಹೇಳಲಿಲ್ಲ.' ಅಷ್ಟೇ."

"ಶಾಯಿ ಹಳೇದಾ?"

"ಇದೇನು ಹಿಂಗೆ ಕೇಳ್ತೀರಿ? ಹಳೇದೇ. ಮಾಸಿಹೋಗಿದೆ."

ಫೋನಿಟ್ಟು ಆಕೆ ಬಹಳ ಹೊತ್ತು ಅತ್ತಳು. ಆ ಷರಾ ಮೊದಲಿಂದಲೂ ಅಲ್ಲಿತ್ತೋ, ತಾನು ಆ ಐದು ಪುಸ್ತಕ ತೆರೆದಿದ್ದರೆ ಅಲ್ಲಿ ಬೇರೇನಿರುತ್ತಿತ್ತೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಹುಡುಗಿ ಮನೆಗೆ ಹೋದಳು ಎಂಬಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದಿನ ವರ್ಷ ಅದೇ ವಿಭಾಗಕ್ಕೆ ಒಬ್ಬ ನರ್ಸ್ ಸಂಶೋಧನೆಗೆ ಸೇರಿದರು. ವಯಸ್ಸು ಐವತ್ತೈದು, ಸ್ವಯಂ ನಿವೃತ್ತಿ ತೆಗೆದುಕೊಂಡವರು, ಮಾತಿಗೆ ಮುಂಚೆ ನಗುವವರು. ಮಾರ್ಗದರ್ಶಕನೇ ಅವರನ್ನು ಆಕೆಯ ಮನೆಗೆ ಕಳಿಸಿದ್ದ. ಶೀಘ್ರಲಿಪಿ ಕಲಿಸಿಕೊಡಿ ಅಕ್ಕ ಎಂದು ಅವರು ವಾರಕ್ಕೆ ಮೂರು ದಿನ ಬರತೊಡಗಿದರು. ಕೈ ಚುರುಕು, ಎಂಟು ತಿಂಗಳಿಗೆ ಓದುವಷ್ಟಾದರು. ಮೊದಲ ಪುಸ್ತಕಗಳನ್ನೆಲ್ಲ ನೀವು ಮುಗಿಸಿದ್ದೀರಿ, ಕಟ್ಟಿಟ್ಟಿರುವ ಐದನ್ನು ನಾನು ಎತ್ತಿಕೊಳ್ಳಲೇ ಎಂದು ಒಂದು ದಿನ ಕೇಳಿದರು. ಅದರಲ್ಲಿ ಬೇರೆ ರೋಗಿಗಳೂ ಇದ್ದಾರಲ್ಲ ಎಂದರು.

ಆ ಹುಡುಗಿ ಎಂದೋ ಮನೆ ಸೇರಿದ್ದಳು. ಬೇಡ ಎನ್ನಲು ಆಕೆಗೆ ಹಕ್ಕೂ ಇರಲಿಲ್ಲ. "ಇನ್ನೂರ ಹನ್ನೆರಡರ ಪುಟ ಬಂದ್ರೆ ದಾಟಿಬಿಡಿ. ಮಾತು ಕೊಡಿ" ಎಂದಳು.

"ಆಯ್ತಕ್ಕ, ಮಾತು ಕೊಟ್ಟೆ."

"ಇನ್ನೊಂದು. ಮಿಕ್ಕವರು ಯಾರಾದ್ರೂ ನಿಮ್ಮ ಬಗ್ಗೆ ಏನಾದ್ರೂ ಹೇಳಿದ್ದು ಕಂಡ್ರೆ, ನೀವು ಹಾಕಿರೋ ಬಟ್ಟೆಯೋ ಮತ್ತೊಂದೋ, ಅಲ್ಲೇ ಪುಸ್ತಕ ಮುಚ್ಚಿ ನೇರ ಇಲ್ಲಿಗೆ ಬನ್ನಿ."

ನರ್ಸ್ ನಕ್ಕರು. ಆಮೇಲೆ ಆಕೆಯ ಮುಖ ನೋಡಿ, ನಗು ನಿಲ್ಲಿಸಿ, ಕೈಯಲ್ಲಿದ್ದ ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.