ಅತ್ತೆಯ ತೂಕ

ಮಗಳು ಯಕ್ಷಿತಾ ಹನ್ನೊಂದು ಕಿಲೋ ಇಳಿದಾಗ ನಾನು ಇಡೀ ಚಾಳಿನ ಮನೆಗಳಿಗೆ ಲಾಡು ಹಂಚಿದೆ. ಅವಳಿಗೆ ಮಾತ್ರ ಒಂದೂ ಕೊಡಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಮುಂಬೈಯ ಗ್ರಾಂಟ್ ರೋಡಿನ ನಮ್ಮ ಚಾಳಿಗೆ ಲಿಫ್ಟ್ ಇಲ್ಲ. ನಾವಿರುವುದು ಮೂರನೇ ಮಾಳಿಗೆಯಲ್ಲಿ. ನನ್ನ ಗಂಡ ಹೋಟೆಲಿನಿಂದ ಬರುವಾಗ ರಾತ್ರಿ ಹನ್ನೊಂದಾಗುತ್ತದೆ. ಹಾಗಾಗಿ ಮಂಡಿ ಸೋತ ಸೇವಂತಿ ಅತ್ತೆಯನ್ನು ದಿನಾ ಸಂಜೆ ಬೆನ್ನ ಮೇಲೆ ಹೊತ್ತು ಇಳಿಸಿ, ಅಂಗಳದ ಬೆಂಚಿನಲ್ಲಿ ಕೂರಿಸಿ, ಗಂಟೆ ಕಳೆದ ಮೇಲೆ ಹೊತ್ತು ತರುತ್ತಿದ್ದವಳು ಯಕ್ಷಿತಾ. ಕಾಲೇಜಿನಲ್ಲಿ ಕಬಡ್ಡಿ ಆಡಿದ ಹುಡುಗಿ. ಕೆಲಸ ಮುಗಿಸಿ ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದರೂ ಅವಳಿಗೆ ದಣಿವಿರಲಿಲ್ಲ. ಅತ್ತೆಗೆ ಲೋಕವೆಂದರೆ ಆ ಒಂದು ಗಂಟೆ, ಆ ಬೆಂಚು, ಅಲ್ಲಿ ಸೇರುವ ಮೂವರು ಮುದುಕಿಯರು.

ಆಮೇಲೆ ಗಂಡಿನ ಕಡೆಯವರೊಬ್ಬರು ಬಂದು ಚಹಾ ಕುಡಿದು, "ಹುಡುಗಿ ಸ್ವಲ್ಪ ತೋರ ಆಯ್ತು" ಎಂದು ಹೋದರು. ನಾನು ತೂಕದ ಯಂತ್ರ ತಂದೆ. ರಾತ್ರಿ ಅನ್ನ, ಮೀನು ನಿಲ್ಲಿಸಿ ಸೌತೆಕಾಯಿ ಇಟ್ಟೆ. ಬೆಳಿಗ್ಗೆ ಎದ್ದರೆ ಮೊದಲು ಯಂತ್ರದ ಸಂಖ್ಯೆ ನೋಡುತ್ತಿದ್ದೆ, ಆಮೇಲೆ ಅವಳ ಮುಖ.

"ಮಮ್ಮಿ, ತಲೆಗೆ ಚಕ್ಕರ್ ಬರ್ತದೆ."

"ಕೊಬ್ಬು ಕರಗುವಾಗ ಹಾಗೆಯೇ ಮಗಾ." ದೊಡ್ಡ ಡಾಕ್ಟರ್ ನಾನು!

ಲಾಡು ಹಂಚಿದ ವಾರವೇ, ಅಜ್ಜಿಯನ್ನು ಹೊತ್ತು ಹತ್ತುವಾಗ, ಎರಡನೇ ಮಾಳಿಗೆಯ ತಿರುವಿನಲ್ಲಿ ಅವಳ ಕಾಲು ನಡುಗಿತು. ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲೇ ಕುಸಿದಳು.

"ಸಾರಿ ಅಜ್ಜಿ, ನಹೀ ಹೋತಾ, ನನ್ನಿಂದ ಆಗುದಿಲ್ಲ" ಎಂದು ಅತ್ತಳು.

ಕಟ್ಟಡದ ಕೆಲಸ ಮಾಡುವ, ಕೆಳಗಿನ ಖೋಲಿಯಲ್ಲಿರುವ ಬಂಡೆಪ್ಪ ಓಡಿ ಬಂದು ಅತ್ತೆಯನ್ನು ಮೇಲೆ ತಂದ. ಹೋಗುವಾಗ, "ಯಾಕ್ರೀ ಅಕ್ಕಾರ, ಹುಡುಗಿಗಿ ಊಟ ಹಾಕಂಗಿಲ್ಲೇನು?" ಎಂದ. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಮರುದಿನದಿಂದ ಅತ್ತೆ, "ಕೆಳಗೆ ಬೇಡ, ಇಲ್ಲಿಯೇ ಗಾಳಿ ಉಂಟು" ಎನ್ನತೊಡಗಿದರು. ತಟ್ಟೆಯಲ್ಲಿ ಅರ್ಧ ಗಂಜಿ ಉಳಿಸುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾನು ಚೆಲ್ಲುತ್ತಿದ್ದೆ.

ಐದನೇ ಬೆಳಿಗ್ಗೆ ನೀರು ತುಂಬಿಸಿ ಬಂದು ನೋಡಿದರೆ, ಅತ್ತೆ ಗೋಡೆ ಹಿಡಿದುಕೊಂಡು ಯಂತ್ರದ ಮೇಲೆ ನಿಂತಿದ್ದಾರೆ.

"ವಾರಿಜಾ, ಎಷ್ಟು ಉಂಟು ನೋಡು, ನನಗೆ ಕಾಣುದಿಲ್ಲ. ನಾಲ್ಕು ದಿನ ಅರ್ಧ ಗಂಜಿಯೇ ಕುಡಿದದ್ದು. ಇನ್ನೊಂಚೂರು ಹಗುರ ಆದ್ರೆ ಮಗುವಿಗೆ ಹೊರಲಿಕ್ಕೆ ಆದೀತಲ್ಲ?"

ಮಗಳ ತೋಳಿನ ಬಲವನ್ನು ನಾನೇ ಕಿಲೋ ಲೆಕ್ಕದಲ್ಲಿ ಇಳಿಸಿದ್ದೆ, ಈಗ ಈ ಮುದುಕಿಯ ಹೊಟ್ಟೆಯನ್ನೂ ಕಟ್ಟಿಸಿದ್ದೆ. ಅವರನ್ನು ತಬ್ಬಿ ಕೆಳಗಿಳಿಸಿ, ಯಂತ್ರವನ್ನು ಮಂಚದಡಿಗೆ ನೂಕಿದೆ. ಎರಡು ತಟ್ಟೆ ಇಟ್ಟು ಗಂಜಿ, ನಿನ್ನೆಯ ಮೀನುಸಾರು ಬಡಿಸಿದೆ.

ಸ್ನಾನ ಮುಗಿಸಿ ಬಂದ ಯಕ್ಷಿತಾ ತಟ್ಟೆಯನ್ನೂ ನನ್ನನ್ನೂ ನೋಡಿದಳು. ಕೂತಳು, ಆದರೆ ಕೈ ಹಾಕಲಿಲ್ಲ.

"ಮಮ್ಮಿ," ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಎಷ್ಟು ತಿನ್ಬೋದು?"